ತೆರೆಯಬಾರದಿದ್ದ ವರದಿ

"ಕಾಲು ಸ್ವಲ್ಪ ಸರಸ್ರಿ... ವೈರ್ ಮ್ಯಾಲೆ ನಿಂತೀರಿ."

ಮೇಜಿನ ಕೆಳಗಿನಿಂದ ಬಂದ ದನಿಗೆ ಸಿದ್ದಲಿಂಗೇಶ ತಟ್ಟನೆ ಹಿಂದೆ ಸರಿದ. ಬಗ್ಗಿ ನೋಡಿದರೆ ಒಬ್ಬ ಹುಡುಗಿ! ಕೂದಲಿಗೆ ಜೇಡರ ಬಲೆ, ಕಿವಿಯ ಮೇಲೆ ಸಿಕ್ಕಿಸಿಕೊಂಡ ಸ್ಕ್ರೂಡ್ರೈವರ್, ಕೈಯಲ್ಲಿ ನೀಲಿ ವೈರು.

ಅವಳೂ ಮೇಲೆ ನೋಡಿದಳು. ನೋಡಿದ ಗಡಿಬಿಡಿಯಲ್ಲಿ ಏಳಲು ಹೋಗಿ ಮೇಜಿಗೆ ತಲೆ ಬಡಿಸಿಕೊಂಡಳು. ಮೇಲಿದ್ದ ಕಂಪ್ಯೂಟರ್ ಕೂಡ ಒಮ್ಮೆ ಅಲುಗಾಡಿತು.

"ನೋವಾತೇನ್ರಿ?"

"ಇಲ್ರಿ" ಎಂದಳು ನೇತ್ರಾ, ಕಣ್ಣ ತುಂಬ ನೀರು ತುಂಬಿಕೊಂಡು.

ಅವನಿಗೆ ಅವಳು ಕೊಟ್ಟ ಮೊದಲ ಉತ್ತರವೇ ಸುಳ್ಳು. ಆದರೆ ಆ ಸುಳ್ಳಿಗೆ ಯಾರೂ ನಾಚಿಕೊಳ್ಳಬೇಕಾಗಿಲ್ಲ. ನಾಚಿಕೆ ಪಡಬೇಕಾದದ್ದು ಮುಂದಿತ್ತು.

ಅದು ತಿಕೋಟಾದಲ್ಲಿ, ಬಸ್ ನಿಲ್ದಾಣದ ಎದುರು ಇರುವ ಒಂದು ಚಿಕ್ಕ ರಕ್ತ ತಪಾಸಣಾ ಕೇಂದ್ರ. ಇಲ್ಲಿ ರಕ್ತ ತೆಗೆದು ವಿಜಯಪುರದ ದೊಡ್ಡ ಲ್ಯಾಬಿಗೆ ಕಳಿಸುತ್ತಿದ್ದರು. ವರದಿ ಬರುವುದು ಮೊದಲೆಲ್ಲ ಬಸ್ಸಿನಲ್ಲಿ, ಕಂಡಕ್ಟರ್ ಕೈಯಲ್ಲಿ. ಈಗ ಹಾಗಲ್ಲ, ಲ್ಯಾಬಿನವರು ಎಲ್ಲ ವರದಿಗಳನ್ನೂ ದೂರದ ಸರ್ವರ್‌ನಲ್ಲಿ ಇಡುತ್ತಾರೆ. ಕೇಂದ್ರದ ಕಂಪ್ಯೂಟರ್‌ನಲ್ಲಿ ಹೆಸರು ಒತ್ತಿದರೆ ಸಾಕು, ವರದಿ ಅಲ್ಲಿಂದ ಇಳಿದು ಬಂದು ಸ್ಕ್ರೀನ್ ಮೇಲೆ ನಿಲ್ಲಬೇಕು. ಆ ಪ್ರೋಗ್ರಾಂ ಬರೆದವಳು ನೇತ್ರಾ. ಲ್ಯಾಬಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇದ್ದವಳು ಅವಳೊಬ್ಬಳೇ. ಅದನ್ನು ಕೂರಿಸಿ ಕೊಡಲು ಅವತ್ತು ಬಂದಿದ್ದಳು.

ಸಿದ್ದಲಿಂಗೇಶ ಬಂದದ್ದು ತನ್ನ ದ್ರಾಕ್ಷಿ ತೋಟದ ಕೆಲಸಗಾರರನ್ನು ಕರೆದುಕೊಂಡು. ಮಳೆಗಾಲ ಮುಗಿದು ಔಷಧ ಹೊಡೆಯುವ ಕೆಲಸ ಶುರುವಾಗಿತ್ತು. ದಿನವಿಡೀ ಔಷಧದ ವಾಸನೆಯಲ್ಲಿ ನಿಲ್ಲುವವರ ರಕ್ತ ಒಮ್ಮೆ ನೋಡಿಸಬೇಕು ಎಂಬುದು ಅವನ ಹಟ. ಬಂದವರೋ ಸೂಜಿ ಕಂಡು ಬಾಗಿಲಿಗೇ ಅಂಟಿಕೊಂಡಿದ್ದರು!

ಅವನು ಅಂಗಿಯ ತೋಳು ಮಡಚಿ ತಾನೇ ಮೊದಲು ಕುಳಿತ. ಕೇಂದ್ರ ನಡೆಸುವ ಜೀನತ ಸೂಜಿ ಚುಚ್ಚಿದಾಗ, ಗಟ್ಟಿಗ ಎಂದುಕೊಂಡಿದ್ದ ಧಣಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡದ್ದನ್ನು ಕಂಡು ಕೆಲಸಗಾರರಿಗೆ ನಗು ಬಂತು. ನಕ್ಕ ಮೇಲೆ ಹೆದರಿಕೆ ಎಲ್ಲಿ ಉಳಿಯುತ್ತದೆ? ಒಬ್ಬೊಬ್ಬರಾಗಿ ಬಂದು ಕುಳಿತರು.

ನೇತ್ರಾ ವೈರು ಬಿಟ್ಟು ಅವನನ್ನೇ ನೋಡುತ್ತಿದ್ದಳು.

ಅವನು ಹತ್ತಿರ ಬಂದು, ಇಷ್ಟು ತೆಳ್ಳನೆಯ ವೈರಿನಲ್ಲಿ ವಿಜಯಪುರದಿಂದ ವರದಿ ಹೇಗೆ ಬರುತ್ತದೆ ಎಂದು ಕೇಳಿದ. ಮಿತವಾಗಿ ಮಾತಾಡುವ ಹುಡುಗಿ ಅವತ್ತು ಕೇಳಿದ್ದಕ್ಕೆ, ಕೇಳದ್ದಕ್ಕೆ, ಎಲ್ಲದಕ್ಕೂ ಉತ್ತರ ಕೊಟ್ಟಳು. ಜೀನತ ಮೂಲೆಯಲ್ಲಿ ನಿಂತು ತುಟಿ ಬಿಗಿಹಿಡಿದು ನಗುತ್ತಿದ್ದಳು.

"ಹಂಗಾರ ನನ್ನ ರಕ್ತದ ಹಣೆಬರಹ ನಿಮ್ಮ ಕೈಯಾಗ ಐತಿ ಅನ್ರಿ" ಎಂದು ಹೇಳಿ ಅವನು ಹೊರಟುಹೋದ.

ವಿಜಯಪುರದ ಜಲನಗರದಲ್ಲಿದ್ದ ಮನೆ ಬರುವವರೆಗೂ ನೇತ್ರಾ ಹೆಲ್ಮೆಟ್ಟಿನೊಳಗೆ ನಗುತ್ತಲೇ ಸ್ಕೂಟಿ ಓಡಿಸಿದಳು.

ಮರುದಿನ ಬೆಳಿಗ್ಗೆ ತಾಯಿ ರೇಣುಕವ್ವ ಚಹಾದ ಜೊತೆ ಮೊಬೈಲನ್ನೂ ಮುಂದಿಟ್ಟಳು. ಸಂಬಂಧ ಹೊಂದಿಸುವುದರಲ್ಲಿ ಹೆಸರಾದ ಓಣಿಯ ಹಿರಿಯ ಖಂಡಪ್ಪ ಒಂದು ಫೋಟೋ ಕಳಿಸಿದ್ದ. ಬಬಲೇಶ್ವರದ ಈರಯ್ಯನವರ ಒಬ್ಬನೇ ಮಗ. ತಿಕೋಟಾದ ಹತ್ತಿರ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್. ಈರಯ್ಯನವರೆಂದರೆ ಊರಿನ ಗೃಹಪ್ರವೇಶ, ಲಗ್ನ ಎಲ್ಲಕ್ಕೂ ಮೊದಲು ಕರೆಸಿಕೊಳ್ಳುವ ಅಯ್ಯನವರು.

ನೇತ್ರಾ ಫೋಟೋವನ್ನು ಕಣ್ಣ ಹತ್ತಿರ ತಂದಳು... ಅವನೇ! ತೋಳು ಮಡಚಿ ಕಣ್ಣು ಮುಚ್ಚಿಕೊಂಡವನು!

'ಹೂಂ ಅಂದುಬಿಡಲೇ?' ಬಾಯಿಗೆ ಬಂದ ಮಾತನ್ನು ಅವಳು ಚಹಾದೊಂದಿಗೆ ನುಂಗಿದಳು. ವಿಚಾರ ಮಾಡಿ ಹೇಳುತ್ತೇನೆ ಎಂದಳು.

ಯಾಕೆ ನುಂಗಿದಳು ಎಂದರೆ ಅವಳಪ್ಪನ ವಿಷಯ ಹೇಳಬೇಕು. ಅಪ್ಪ ಕುಡಿಯುತ್ತಿದ್ದ. ಚಿಕ್ಕಂದಿನಲ್ಲಿ ದಿನಾ ಸಂಜೆ ಬಾಗಿಲಲ್ಲಿ ನಿಂತು ಅವಳು ಕೇಳುತ್ತಿದ್ದಳು, ಕುಡಿದೀಯೇನಪ್ಪ ಎಂದು. ಇಲ್ಲವ್ವ, ನಿನ್ನಾಣಿ, ಎನ್ನುತ್ತಿದ್ದ ಅಪ್ಪ. ಆಣೆ ಇಡುವಾಗಲೇ ಬಾಯಿಂದ ವಾಸನೆ ಬರುತ್ತಿತ್ತು. ಅಪ್ಪನ ಲಿವರ್ ಕೆಟ್ಟು ಆಸ್ಪತ್ರೆ ಸೇರಿದಾಗ ಕಾಲೇಜಿಗೆ ಹೋಗುತ್ತಿದ್ದ ನೇತ್ರಾಳೇ ವರದಿಗಳನ್ನು ತರುತ್ತಿದ್ದಳು. ಬಿಲಿರುಬಿನ್ ಎಷ್ಟಿದ್ದರೆ ಚೆನ್ನ, ಎಷ್ಟಾದರೆ ಕಷ್ಟ, ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು.

ಅಪ್ಪ ಹೋದ. ಒಂದು ನಂಬಿಕೆ ಮಾತ್ರ ಅವಳಲ್ಲಿ ಗಟ್ಟಿಯಾಗಿ ಕುಳಿತಿತು. ಮನುಷ್ಯರು ಸುಳ್ಳು ಹೇಳುತ್ತಾರೆ, ವರದಿ ಸುಳ್ಳು ಹೇಳುವುದಿಲ್ಲ.

ಅವತ್ತು ಮಧ್ಯಾಹ್ನ ಲ್ಯಾಬಿನ ತನ್ನ ಮೇಜಿನಲ್ಲಿ ಅವಳು ಪ್ರಿಂಟಿನ ಅಳತೆ ಸರಿಮಾಡುತ್ತಿದ್ದಳು. ಉದ್ದನೆಯ ಒಂದು ವರದಿಯನ್ನು ಸ್ಕ್ರೀನ್ ಮೇಲೆ ತೆರೆದಿಟ್ಟು, ಸಾಲುಗಳು ಹಾಳೆಯೊಳಗೆ ಕೂರುತ್ತವೆಯೇ ಎಂದಷ್ಟೇ ನೋಡುತ್ತಿದ್ದಳು, ಅಂಕಿಗಳನ್ನು ಓದಿರಲಿಲ್ಲ. ಹೊರಗೆ ರಸ್ತೆ ಅಗೆಯುವ ಯಂತ್ರದ ಸದ್ದು ತಲೆ ತಿನ್ನುತ್ತಿತ್ತು.

ಬೆಳಿಗ್ಗೆಯೇ ಇಳಿದು ಬಂದಿದ್ದ ಹೆಸರುಗಳ ಪಟ್ಟಿ ಪಕ್ಕದಲ್ಲೇ ಇತ್ತು. ಅದರಲ್ಲಿ ಆ ಹೆಸರೂ ಇತ್ತು. ಸಿದ್ದಲಿಂಗೇಶ, ಬಬಲೇಶ್ವರ.

ಕೆಲಸವಿಲ್ಲದೆ ಯಾರ ವರದಿಯನ್ನೂ ತೆರೆಯಬಾರದು ಎಂಬುದು ಲ್ಯಾಬಿನ ನಿಯಮ. ಜೀನತಳಿಗೆ ಹಾಗೆಂದು ಕಟ್ಟುನಿಟ್ಟಾಗಿ ಹೇಳಿ ಬಂದವಳು ಇವಳೇ! 'ಒಂದೇ ಒಂದು ಸಲ... ಯಾರಿಗೆ ಗೊತ್ತಾಗತದ?' ಎಂದು ಮನಸ್ಸು ಪಿಸುಗುಟ್ಟಿತು. ಬೆರಳು ಒತ್ತಿಯೇಬಿಟ್ಟಿತು.

ಮೇಲೆ ಅವನ ಹೆಸರು, ವಯಸ್ಸು, ಊರು ಬಂದವು. ಕೆಳಗೆ ಅಂಕಿಗಳು.

ನೇತ್ರಾ ಓದಿದಳು. ಇನ್ನೊಮ್ಮೆ ಓದಿದಳು. ಲಿವರಿನ ಅಂಕಿಗಳು... ಅಪ್ಪನ ಕೊನೆಯ ವರ್ಷದ ಅಂಕಿಗಳು ಹೇಗಿದ್ದವೋ ಹಾಗೇ ಇದ್ದವು. ಅಷ್ಟು ಚೆಂದ ನಗುತ್ತಿದ್ದವನು... ಇವನೂ?

ಬೇಡ ಎಂದು ಹೇಳಿಬಿಡು ಅಂತ ತಾಯಿಗೆ ಮೆಸೇಜ್ ಬರೆದಳು. ಅದು ಹೋಗಲೇ ಇಲ್ಲ, ಲ್ಯಾಬಿನ ವೈಫೈನಲ್ಲಿ ಸುತ್ತುತ್ತಲೇ ಇತ್ತು. ಎದ್ದು ಹೊರಗೆ ಗೇಟಿನವರೆಗೆ ಹೋಗಿ ಮೊಬೈಲಿನ ಸ್ವಂತ ನೆಟ್ ಹಾಕಿಕೊಂಡ ಮೇಲೆ ಹೋಯಿತು. ಆಗ ಅವಳಿಗೆ ಅದೇನೂ ದೊಡ್ಡ ವಿಷಯ ಅನ್ನಿಸಲಿಲ್ಲ.

ಮನೆಯಲ್ಲಿ ರೇಣುಕವ್ವ ಬಿಡಲಿಲ್ಲ. ಇಂಥ ಮನೆತನ, ಇಂಥ ಹುಡುಗ, ಕಾರಣ ಏನೆಂದು ಹೇಳಲಿ ಎಂದು ಬೆನ್ನು ಹತ್ತಿದಳು. ಮನಸ್ಸಿಲ್ಲ ಎಂದರೆ ಕೇಳಲಿಲ್ಲ. ಕೊನೆಗೆ ನೇತ್ರಾಳ ಬಾಯಿಂದ ಒಂದೇ ಒಂದು ಮಾತು ಜಾರಿತು.

"ಕುಡಿತಾನ."

ಆ ಮನೆಯಲ್ಲಿ ಆ ಮಾತಿಗೆ ವಿವರಣೆ ಬೇಕಿರಲಿಲ್ಲ. ಆದರೆ ಖಂಡಪ್ಪನಿಗೆ ಕಾರಣ ಬೇಕಿತ್ತು. ನಿಮ್ಮೊಳಗೇ ಇರಲಿ ಎಂದು ಹೇಳಿಯೇ ರೇಣುಕವ್ವ ಅವನಿಗೆ ಹೇಳಿದಳು. ಖಂಡಪ್ಪನ ಒಳಗೆ ಮಾತು ಉಳಿದದ್ದು ಯಾವ ಕಾಲದಲ್ಲಿ? ಜಲನಗರದಲ್ಲಿ ಒಂದು ಮಾತಾಗಿದ್ದದ್ದು ಬಬಲೇಶ್ವರ ಮುಟ್ಟುವ ಹೊತ್ತಿಗೆ ಬಾಟಲಿ, ಗ್ಲಾಸು, ಜೊತೆಗೆ ಕುಳಿತವರ ಹೆಸರುಗಳ ಸಮೇತ ಒಂದು ಕಥೆಯೇ ಆಗಿತ್ತು.

ಕೆಲವು ದಿನಗಳ ನಂತರ ಸಿದ್ದಲಿಂಗೇಶ ಲ್ಯಾಬಿನ ಗೇಟಿನ ಹತ್ತಿರ ಬಂದು ನಿಂತ. ಮುಖದಲ್ಲಿ ಅವತ್ತಿನ ನಗು ಇರಲಿಲ್ಲ.

"ನಾ ಕುಡಿತೀನಿ ಅಂತ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನನಗ ಗೊತ್ತೈತಿ."

"ಹೆಂಗ ಗೊತ್ತು?"

ಕಳ್ಳತನದಿಂದ ನೋಡಿದೆ ಎಂದು ಹೇಗೆ ಹೇಳುವುದು? ನಾಚಿಕೆಯಿಂದ ಮುಖ ಉರಿಯಿತು. ಆ ನಾಚಿಕೆಯನ್ನು ಮುಚ್ಚಿಕೊಳ್ಳಲು ಅವಳಿಗೆ ಸಿಟ್ಟಲ್ಲದೆ ಬೇರೆ ಏನೂ ಸಿಗಲಿಲ್ಲ.

"ಒಂದು ಮಾತು ನನ್ನ ಕೇಳಬಹುದಿತ್ತಲ್ರಿ" ಎಂದ ಅವನು ಮೆಲ್ಲಗೆ.

"ಕೇಳಿದ್ರ ಇಲ್ಲ ಅಂತಿದ್ರಿ. ಎಲ್ಲಾರೂ ಹಂಗ ಅಂತಾರ."

ಅವನು ಅವಳನ್ನೇ ನೋಡಿದ. ಆಮೇಲೆ ಬೈಕ್ ತಿರುಗಿಸಿದ. ಗೆದ್ದೆ ಎಂದುಕೊಂಡು ಒಳಗೆ ಬಂದವಳಿಗೆ ಆ ದಿನ ಮಧ್ಯಾಹ್ನದ ಬುತ್ತಿ ಬಿಚ್ಚುವ ಮನಸ್ಸಾಗಲಿಲ್ಲ.

ಚಳಿಗಾಲ ಕಳೆಯಿತು. ದ್ರಾಕ್ಷಿ ಹಣ್ಣಾಗಿ, ಶೆಡ್ಡುಗಳಲ್ಲಿ ಒಣಗಲು ಬಿದ್ದಿತ್ತು. ಒಂದು ಬೆಳಿಗ್ಗೆ ಜೀನತಳ ಫೋನ್ ಬಂತು. ಮಾತಾಡಲು ಆಗದಷ್ಟು ನಗುತ್ತಿದ್ದಳು.

"ನೇತ್ರಾ ಮೇಡಂ, ಲಗೂನ ಬರ್ರಿ. ಮಲಂಗಸಾಬ ಚಾಚಾ ಗರ್ಭಿಣಿ ಆಗ್ಯಾನ!"

ಮಲಂಗಸಾಬ ತಿಕೋಟಾ ಬಸ್ ನಿಲ್ದಾಣದ ಚಹಾದಂಗಡಿಯವನು. ಸಕ್ಕರೆ ಎಷ್ಟಿದೆ ನೋಡಿಸಲು ರಕ್ತ ಕೊಟ್ಟಿದ್ದ. ಬಂದ ಹಾಳೆಯನ್ನು ಗಿರಾಕಿಯೊಬ್ಬ ಅಂಗಡಿಯಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದಿಬಿಟ್ಟಿದ್ದ. ನೇತ್ರಾ ಕೇಂದ್ರಕ್ಕೆ ಬಂದಾಗ ಚಾಚಾ ಬಿಳಿ ಗಡ್ಡ ನೀವಿಕೊಳ್ಳುತ್ತ ಕುರ್ಚಿಯಲ್ಲಿ ಕುಳಿತಿದ್ದ. ಈ ವಯಸ್ಸಿನಲ್ಲಿ ಇದನ್ನು ಹೆಂಡತಿಗೆ ಹೇಗೆ ಹೇಳಲಿ ಎಂದು ಗಂಭೀರವಾಗಿ ಕೇಳಿದ. ಎಲ್ಲರೂ ನಕ್ಕರು. ನೇತ್ರಾಳೂ ನಕ್ಕಳು.

ನಗುತ್ತಲೇ ಕೇಳಿದಳು, ಚಾಚಾನಿಗಿಂತ ಮುಂಚೆ ಯಾರ ವರದಿ ತೆರೆದಿತ್ತು ಎಂದು.

ಕನಮಡಿಯಿಂದ ಬಂದಿದ್ದ ಹೊಸ ಸೊಸೆಯೊಬ್ಬಳದು ಎಂದಳು ಜೀನತ. ಅವಳದು ಪ್ರಿಂಟ್ ಆದ ಮೇಲೆ ಸ್ವಲ್ಪ ಹೊತ್ತು ನೆಟ್ ಹೋಗಿತ್ತಂತೆ.

ನೇತ್ರಾಳ ನಗು ನಿಂತಿತು.

ಅವಳು ಮೇಜಿನ ಕೆಳಗೆ ಕೈ ಹಾಕಿ ನೀಲಿ ವೈರನ್ನು ಕಿತ್ತಳು. ಚಾಚಾನ ಹೆಸರು ಒತ್ತಿದಳು. ಸ್ಕ್ರೀನ್ ಮೇಲೆ ಹೆಸರು ಮಲಂಗಸಾಬ ಎಂದಾಯಿತು. ಕೆಳಗಿನ ಅಂಕಿಗಳು ಅಲುಗಾಡಲಿಲ್ಲ. ಬೇರೆ ಹೆಸರು ಒತ್ತಿದಳು. ಹೆಸರು ಮಾತ್ರ ಬದಲಾಯಿತು, ಅಂಕಿಗಳು ಹಿಂದಿನವರವೇ ಉಳಿದವು...

ಹೆಸರು ಕಂಪ್ಯೂಟರ್‌ನಲ್ಲೇ ಇತ್ತು, ತಟ್ಟನೆ ಬರುತ್ತಿತ್ತು. ಅಂಕಿಗಳು ಸರ್ವರ್‌ನಿಂದ ಬರಬೇಕು. ನೆಟ್ ಇಲ್ಲದಿದ್ದರೆ ಬರುವುದಿಲ್ಲ. ಮೊದಲು ಅವಳು ಬರೆದ ಪ್ರೋಗ್ರಾಂ ಅಂಥ ಹೊತ್ತಿನಲ್ಲಿ ಎಲ್ಲವನ್ನೂ ಅಳಿಸಿ, ಸರ್ವರ್ ಸಿಗುತ್ತಿಲ್ಲ ಎಂದು ತೋರಿಸುತ್ತಿತ್ತು. ಅದು ಕಂಡಾಗಲೆಲ್ಲ ಬೇರೆ ಊರುಗಳ ಕೇಂದ್ರಗಳಿಂದ ಫೋನ್ ಬರುತ್ತಿತ್ತು. ಫೋನ್ ಎತ್ತಿ ಎತ್ತಿ ಬೇಸತ್ತ ನೇತ್ರಾ, ತಿಕೋಟಾದಲ್ಲಿ ಕೂರಿಸುವ ಮುಂಚೆಯೇ ಒಂದು ದಿನ, ಆ ಸಂದೇಶವನ್ನೇ ತೆಗೆದುಹಾಕಿದ್ದಳು. ಖಾಲಿ ಸ್ಕ್ರೀನ್ ಕಂಡರೆ ತಾನೇ ಗಲಾಟೆ? ಹೊಸ ವರದಿ ಬರುವವರೆಗೂ ಹಳೆಯದೇ ಇರಲಿ, ನೆಟ್ ಬಂದೊಡನೆ ಬದಲಾಗುತ್ತದೆ ಎಂದು ಬಿಟ್ಟಿದ್ದಳು. ಆಮೇಲೆ ಫೋನ್‌ಗಳು ನಿಂತವು. ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಿದ್ದಳು!

ಈಗ ಅವಳಿಗೆ ಆ ಮಧ್ಯಾಹ್ನ ನೆನಪಾಯಿತು. ಕೇಬಲ್ ಹಾದುಹೋದ ರಸ್ತೆಯನ್ನೇ ಅಗೆಯುತ್ತಿದ್ದ ಯಂತ್ರ... ಸುತ್ತುತ್ತಲೇ ಇದ್ದ ಮೆಸೇಜ್... ಗೇಟಿನವರೆಗೆ ನಡೆದದ್ದು...

ಲ್ಯಾಬಿನಲ್ಲಿ ಆಗ ನೆಟ್ ಇರಲೇ ಇಲ್ಲ.

'ನಾ ಓದಿದ್ದು ಅವರದಲ್ಲ. ಪ್ರಿಂಟಿನ ಅಳತೆಗೆ ತೆರೆದಿಟ್ಟಿದ್ದೆನಲ್ಲ, ಅದು... ಯಾರದೋ ಏನೋ!'

ಅವಳು ಸ್ಟೂಲಿನ ಮೇಲೆ ಕುಳಿತು ಅಳತೊಡಗಿದಳು. ಮಲಂಗಸಾಬ ಹೆದರಿ, ಬೇಟಿ ನನಗೇನೂ ಬೇಜಾರಿಲ್ಲ, ಅಳಬೇಡ ಎಂದು ತನ್ನ ಅಂಗಡಿಯಿಂದಲೇ ಚಹಾ ತರಿಸಿದ. ಆ ಒಳ್ಳೆಯತನ ಅವಳನ್ನು ಇನ್ನಷ್ಟು ಕುಗ್ಗಿಸಿತು. ಮುದುಕನ ಪಾಲಿಗೆ ಬಂದದ್ದು ನಗುವಂಥ ತಪ್ಪು. ಸಿದ್ದಲಿಂಗೇಶನ ಪಾಲಿಗೆ?

ಜೀನತ ವೈರನ್ನು ಮತ್ತೆ ಸಿಕ್ಕಿಸಿದಳು, ನೆಟ್ ಬಂತು. ಅವನ ಹೆಸರು ಹುಡುಕಿ ಒಂದು ಸಲ ಒತ್ತಿದರೆ ನಿಜವಾದ ವರದಿ ಬಂದು ನಿಲ್ಲುತ್ತಿತ್ತು. ನೇತ್ರಾಳ ಬೆರಳು ಅಲ್ಲಿಯವರೆಗೂ ಹೋಯಿತು. ಮರುಗಳಿಗೆಯೇ ಅವಳು ಕೈಯನ್ನು ಹಿಂದೆ ಎಳೆದು ಮಡಿಲಲ್ಲಿ ಇಟ್ಟುಕೊಂಡಳು. ಅದನ್ನು ನೋಡುವ ಹಕ್ಕು ಅವಳಿಗೆ ಅವತ್ತೂ ಇರಲಿಲ್ಲ, ಇವತ್ತೂ ಇರಲಿಲ್ಲ.

ಅವಳು ಮೊದಲು ಹೋದದ್ದು ಲ್ಯಾಬಿನ ಡಾಕ್ಟರ್ ಮೇಡಂ ಹತ್ತಿರ. ಪ್ರೋಗ್ರಾಂನ ತಪ್ಪನ್ನು ಹೇಳಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕದ್ದು ನೋಡಿದ್ದನ್ನೂ ಹೇಳಿದಳು. ಮೇಡಂ ತುಂಬ ಹೊತ್ತು ಬೈದರು. ಸಂಶಯವಿದ್ದ ವರದಿಗಳನ್ನೆಲ್ಲ ಮತ್ತೆ ತೆಗೆದು ಮನೆಮನೆಗೆ ಮುಟ್ಟಿಸಿದರು. ನೇತ್ರಾಳ ಕೆಲಸ ಉಳಿಯಿತು, ರೋಗಿಗಳ ವರದಿ ತೆರೆಯುವ ಪಾಸ್‌ವರ್ಡ್ ಮಾತ್ರ ಹೋಯಿತು. ಅದು ಹೋದದ್ದೇ ಒಳ್ಳೆಯದು ಎನಿಸಿತು ಅವಳಿಗೆ.

ಸಂಜೆ ತಾಯಿಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದಳು. ರೇಣುಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳಿಗೆ ನೋವಾದೀತೆಂದು ಮುಚ್ಚಿಟ್ಟಿದ್ದ ಸುದ್ದಿಯನ್ನು ಆಗ ಬಾಯಿಬಿಟ್ಟಳು. ಈರಯ್ಯನವರು ಮಗನನ್ನು ದೇವರ ಮುಂದೆ ನಿಲ್ಲಿಸಿ, ಎಂದೂ ಮುಟ್ಟಿಲ್ಲ ಅಂತ ಆಣೆ ಮಾಡು ಎಂದರಂತೆ. ಅವನು ಸುಮ್ಮನೆ ನಿಂತನಂತೆ, ಆಣೆ ಮಾಡಲಿಲ್ಲವಂತೆ. ಅಂದಿನಿಂದ ಅಪ್ಪ ಮಗ ಮಾತಿಲ್ಲ. ಮಗ ಶೆಡ್ಡಿನಲ್ಲೇ ಇರುತ್ತಾನೆ. ಅಪ್ಪ ಯಾರ ಮನೆಯ ಕಾರ್ಯಕ್ಕೂ ಹೋಗುವುದಿಲ್ಲ.

ಮರುದಿನ ನೇತ್ರಾ ಖಂಡಪ್ಪನ ಮನೆಗೆ ಹೋದಳು. ನಾನು ಒಬ್ಬಿಬ್ಬರಿಗೆ ಮಾತ್ರ ಹೇಳಿದ್ದು ಎಂದ ಅವನು. ಅದೇ ಒಬ್ಬಿಬ್ಬರಿಗೆ ಈಗ ನನ್ನ ಎದುರಿಗೇ ಫೋನ್ ಮಾಡಿ, ಅದು ಸುಳ್ಳು ಎಂದು ಹೇಳ್ರಿ ಅಂತ ಅವಳು ಅಂಗಳದಲ್ಲಿ ಕುಳಿತುಬಿಟ್ಟಳು. ಫೋನ್ ಮಾಡಿ ಮುಗಿಸುವ ಹೊತ್ತಿಗೆ ಖಂಡಪ್ಪನ ಗಂಟಲು ಒಣಗಿತ್ತು, ಮೊಬೈಲ್ ಚಾರ್ಜ್ ಹೋಗಿತ್ತು!

ಅಲ್ಲಿಂದ ಬಬಲೇಶ್ವರ.

ಈರಯ್ಯ ಪಡಸಾಲೆಯಲ್ಲಿ ಒಬ್ಬರೇ ಕುಳಿತಿದ್ದರು. ಅವರ ಹೆಂಡತಿ ನೀರು, ಬೆಲ್ಲ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ನೇತ್ರಾ ನೀರು ಮುಟ್ಟಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು.

"ಅಯ್ಯಾರ, ನಿಮ್ಮ ಮಗ ಕುಡಿತಾರ ಅಂದಾಕಿ ನಾನು. ಬ್ಯಾರೆದವರ ರಿಪೋರ್ಟ್ ನೋಡಿ ಅವರದು ಅಂದ್ಕೊಂಡೆ. ಅದೂ ಕದ್ದು ನೋಡಿದ್ದು. ತಪ್ಪು ತೋರಿಸಿದ ಪ್ರೋಗ್ರಾಂ ಬರದಾಕೀನೂ ನಾನ."

ಈರಯ್ಯ ಕಣ್ಣು ಎತ್ತಿದರು. ಹಾಗಾದರೆ ಅದು ಯಾರ ವರದಿ ಎಂದು ಕೇಳಿದರು.

"ಅದು ನನಗ ಗೊತ್ತಿಲ್ರಿ. ಗೊತ್ತಿದ್ದರೂ ಹೇಳ್ತಿರಲಿಲ್ಲ. ನಿಮ್ಮ ಮಗಂದು ಏನೈತಿ ಅನ್ನೂದೂ ನಾ ನೋಡಿಲ್ಲ, ನೋಡೂದೂ ಇಲ್ಲ."

ಅವರು ಬೈಯಲಿ ಎಂದು ಅವಳು ತಲೆ ತಗ್ಗಿಸಿ ಕಾದಳು. ಬೈಗುಳ ಬರಲಿಲ್ಲ. ಮುದುಕರು ನೀರಿನ ಲೋಟವನ್ನು ಅವಳ ಕಡೆ ಸರಿಸಿದರು.

"ನೀ ಹೊರಗಿನಾಕಿ, ಕಂಪ್ಯೂಟರ್ ನೋಡಿ ನಂಬಿದಿ. ನಾ ಏನು ನೋಡಿ ನಂಬಿದೆ, ತಂಗಿ? ಎತ್ತಿ ಆಡಿಸಿದ ಮಗ ಅವ. ಯಾರೋ ಅಂದ್ರು, ನಾ ನಂಬಿದೆ."

ಬಾಗಿಲಲ್ಲಿ ನಿಂತಿದ್ದ ತಾಯಿ ಬಿಕ್ಕಿದಳು. ಈರಯ್ಯ ಎದ್ದು ಗೂಟಕ್ಕೆ ತೂಗಿದ್ದ ರುಮಾಲು ಸುತ್ತಿಕೊಂಡರು. ನಿನ್ನ ಗಾಡಿಯ ಹಿಂದೆ ನನ್ನಂಥವನು ಕುಳಿತುಕೊಳ್ಳಬಹುದೇ ಎಂದು ಕೇಳಿದರು.

ಬಬಲೇಶ್ವರದ ಜನ ಅವತ್ತು ಕಂಡ ನೋಟವೇ ಬೇರೆ. ಮಗನನ್ನು ಬೇಡವೆಂದ ಹುಡುಗಿಯ ಸ್ಕೂಟಿಯ ಮೇಲೆ, ಒಂದು ಕೈಯಲ್ಲಿ ರುಮಾಲು, ಇನ್ನೊಂದು ಕೈಯಲ್ಲಿ ಸೀಟು ಬಿಗಿಯಾಗಿ ಹಿಡಿದು ಈರಯ್ಯನವರು ಹೊರಟಿದ್ದರು. ತಿರುವು ಬಂದಾಗಲೆಲ್ಲ ಶಿವ ಶಿವ ಎನ್ನುತ್ತಿದ್ದರು. ನೇತ್ರಾಳಿಗೆ ಅಳುವಿನ ನಡುವೆಯೂ ನಗು ಬಂತು, ಬಂದ ನಗುವಿಗೂ ನಾಚಿಕೆಯಾಯಿತು.

ತಿಕೋಟಾದ ಆಚೆ, ಹಸಿರು ನೆರಳುಬಲೆ ಕಟ್ಟಿದ ಶೆಡ್. ಒಂದರ ಮೇಲೊಂದು ಹರಡಿದ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು, ಗಾಳಿಯಲ್ಲೆಲ್ಲ ಸಿಹಿ ವಾಸನೆ. ಸಿದ್ದಲಿಂಗೇಶ ಸ್ಕೂಟಿಯ ಸದ್ದಿಗೆ ತಿರುಗಿದ. ಹಿಂದಿನ ಸೀಟಿನಿಂದ ಅಪ್ಪ ಇಳಿಯುವುದನ್ನು ಕಂಡು ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟ.

ಈರಯ್ಯ ಹತ್ತಿರ ಹೋಗಿ ನಿಂತರು. ಎಷ್ಟೋ ದಿನಗಳ ಮೇಲಿನ ಮೊದಲ ಮಾತು.

"ಊಟ ಮಾಡಿಯೇನು?"

"ಇಲ್ಲ."

"ನಾನೂ ಮಾಡಿಲ್ಲ. ಮಾಡೂಣು ನಡಿ... ಮೊದಲ ಈ ಹುಡುಗಿ ಏನೋ ಹೇಳತಾಳ, ಕೇಳು."

ಇಷ್ಟು ಹೇಳಿ ಮಗನ ಹೆಗಲು ಮುಟ್ಟಿ ಅವರು ಒಳಗೆ ಹೋದರು.

ನೇತ್ರಾ ಎಲ್ಲವನ್ನೂ ಹೇಳಿದಳು. ಕದ್ದು ನೋಡಿದ್ದು, ನೆಟ್ ಹೋಗಿದ್ದು, ಬೇಸತ್ತು ತಾನು ಸಂದೇಶ ತೆಗೆದುಹಾಕಿದ್ದು, ಮಲಂಗಸಾಬನ ವರದಿ. ಒಂದು ಕಡೆಯೂ ತನ್ನನ್ನು ಉಳಿಸಿಕೊಳ್ಳಲು ನೋಡಲಿಲ್ಲ. ಅವನು ಬಲೆಯ ಮೇಲಿನ ದ್ರಾಕ್ಷಿಯನ್ನು ಬೆರಳಿಂದ ಹರಡುತ್ತ ಕೇಳಿಸಿಕೊಂಡ.

"ನನ್ನ ಒಂದು ಮಾತು ಕೇಳಿದ್ರ ಆಗ್ತಿತ್ತು" ಎಂದ ಕೊನೆಗೆ.

"ನಮ್ಮಪ್ಪನ್ನ ದಿನಾ ಕೇಳ್ತಿದ್ದೆ. ದಿನಾ ಇಲ್ಲ ಅಂತಿದ್ದ. ನನ್ನ ಆಣಿ ಮಾಡಿ ಹೇಳ್ತಿದ್ದ... ಆಮ್ಯಾಲೆ ಯಾರನ್ನೂ ಕೇಳೂದ ಬಿಟ್ಟೆ."

ಅವನ ಬೆರಳು ನಿಂತಿತು.

"ನಿಮ್ಮಪ್ಪಂದು ನನಗ ಗೊತ್ತಿರಲಿಲ್ಲ. ಕೇಳಿ ಸಂಕಟ ಆತು. ಆದ್ರ ನನಗ ಸಿಟ್ಟೂ ಐತಿ. ಇವತ್ತ ಹೋಗೂದಿಲ್ಲ."

"ಹೋಗಬಾರದ್ರಿ" ಎಂದಳು ಅವಳು. ಕ್ಷಮೆಯನ್ನು ಕೇಳಿದಳು, ಅವನು ಕೊಡಲಿಲ್ಲ, ಅವಳೂ ಎರಡನೆಯ ಸಲ ಕೇಳಲಿಲ್ಲ. ಒಬ್ಬಳೇ ಸ್ಕೂಟಿ ತಿರುಗಿಸಿಕೊಂಡು ಬಂದಳು. ಹಿಂದೆ ಶೆಡ್ಡಿನಲ್ಲಿ ಅಪ್ಪ ಮಗ ಒಂದೇ ಬುತ್ತಿ ಬಿಚ್ಚುತ್ತಿದ್ದರು. ಅಷ್ಟಾದರೂ ಸರಿಯಾಯಿತು ಎಂದುಕೊಂಡಳು, ಆದರೂ ಕಣ್ಣೀರು ನಿಲ್ಲಲಿಲ್ಲ. ಅವಳಿಗೆ ಅವನು ಬೇಕಾಗಿದ್ದ. ಎಷ್ಟು ಬೇಕಾಗಿದ್ದ ಎಂಬುದು ಕಳೆದುಕೊಂಡ ಮೇಲೆ ತಿಳಿಯಿತು.

ಪ್ರೋಗ್ರಾಂ ಬದಲಾಯಿತು. ಈಗ ಹೆಸರು ಒತ್ತಿದೊಡನೆ ಮೊದಲು ಎಲ್ಲವೂ ಅಳಿಸಿಹೋಗುತ್ತಿತ್ತು. ವರದಿಯ ಮೇಲಿನ ಹೆಸರೂ ಸರ್ವರ್‌ನಿಂದಲೇ ಬರಬೇಕು. ನೆಟ್ ಇಲ್ಲದಿದ್ದರೆ ವರದಿ ಇನ್ನೂ ಬಂದಿಲ್ಲ ಎಂಬ ಮಾತು ಮಾತ್ರ, ದೊಡ್ಡ ಅಕ್ಷರದಲ್ಲಿ. ಕೇಂದ್ರಗಳಿಂದ ಮತ್ತೆ ಫೋನ್ ಬರತೊಡಗಿದವು. ನೇತ್ರಾ ಪ್ರತಿಯೊಂದನ್ನೂ ಎತ್ತಿದಳು, ಬೇಸರಿಸಿಕೊಳ್ಳಲಿಲ್ಲ.

ಬಿಸಿಲು ಬಲಿತ ಒಂದು ಭಾನುವಾರ ಜಲನಗರದ ಮನೆಯ ಮುಂದೆ ಬೈಕ್ ನಿಂತಿತು. ಈರಯ್ಯನವರು ಒಳಗೆ ಬಂದು, ಹೊಸ ಒಣದ್ರಾಕ್ಷಿಯ ಡಬ್ಬಿಯನ್ನು ರೇಣುಕವ್ವನ ಕೈಗಿತ್ತರು. ಅವಳು ಎಲ್ಲಿ 'ಕೂಡ್ರಿ' ಅನ್ನಬೇಕೋ ಅಲ್ಲಿ 'ಏಳ್ರಿ' ಎಂದುಬಿಟ್ಟಳು, ಪಾಪ, ಅಷ್ಟು ಗಾಬರಿ!

ಸಿದ್ದಲಿಂಗೇಶ ಒಳಗೆ ಬರಲಿಲ್ಲ. ಗೇಟಿನ ಹತ್ತಿರ ಸ್ಕೂಟಿಯ ಪಕ್ಕ ನಿಂತಿದ್ದ. ನೇತ್ರಾ ಕಾಲೆಳೆಯುತ್ತ ಹೋಗಿ ಎದುರು ನಿಂತಳು. ತಲೆ ಎತ್ತುವ ಧೈರ್ಯವಾಗಲಿಲ್ಲ.

"ಆವತ್ತ ಕೇಳಬೇಕಿತ್ತಲ್ಲ, ಅದನ್ನ ಇವತ್ತ ಕೇಳ್ರಿ" ಎಂದ ಅವನು.

ಅವಳು ಬಾಗಿಲಲ್ಲಿ ನಿಂತು ಅಪ್ಪನನ್ನು ಕಾಯುತ್ತಿದ್ದ ಪುಟ್ಟ ಹುಡುಗಿಯೇ ಮತ್ತೆ ಆಗಿದ್ದಳು. ಉತ್ತರ ಏನೆಂದು ಆ ಹುಡುಗಿಗೆ ಮೊದಲೇ ಗೊತ್ತಿರುತ್ತಿತ್ತು. ಆದರೂ ಕೇಳಿದಳು.

"ನೀವು... ಕುಡಿತೀರೇನ್ರಿ?"

"ಒಮ್ಮೆ ಕುಡದೇನಿ."

ನೇತ್ರಾ ತಟ್ಟನೆ ತಲೆ ಎತ್ತಿದಳು.

"ಸೊಲ್ಲಾಪುರದಾಗ ಓದುವಾಗ, ಗೆಳ್ಯಾನ ಮದಿವ್ಯಾಗ. ಮೆರವಣಿಗಿ ನಡುವ ವರನ ಕುದುರಿ ಮುಂದ ಬಿದ್ದೆ. ಕುದುರಿ ಪುಣ್ಯಕ್ಕ ನನ್ನ ದಾಟಿ ಹೋತು. ಅದ ಮೊದಲು, ಅದ ಕಡೀದು. ಅಪ್ಪಾರು ಎಂದೂ ಮುಟ್ಟಿಲ್ಲ ಅಂತ ಆಣಿ ಮಾಡು ಅಂದ್ರು... ಸುಳ್ಳಾಣಿ ಹೆಂಗ ಮಾಡ್ಲಿ?"

ಆಣೆ ಮಾಡಲಿಲ್ಲ ಎಂದು ಊರೆಲ್ಲ ತಪ್ಪಿತಸ್ಥನೆಂದದ್ದು ಇದಕ್ಕಾಗಿಯೇ? ಅವನು ಒಂದು ಸುಳ್ಳು ಹೇಳಿದ್ದರೆ ಮನೆಯಲ್ಲೇ ಇರುತ್ತಿದ್ದ, ಅಪ್ಪನ ಪಕ್ಕದಲ್ಲೇ ಉಣ್ಣುತ್ತಿದ್ದ.

"ಅಪ್ಪಾರಿಗೂ ಮೊನ್ನೆ ಹೇಳಿದೆ. ಮುಂಜಾನಿಯೆಲ್ಲಾ ಮಾತಾಡಲಿಲ್ಲ. ಮಧ್ಯಾಹ್ನ ಬಂದು, ಆ ಕುದುರಿಗೇನೂ ಆಗಲಿಲ್ಲಲ್ಲ ಅಂತ ಕೇಳಿದ್ರು."

ನೇತ್ರಾ ನಕ್ಕಳು. ನಗುತ್ತಲೇ ಅತ್ತಳು. ಆ ಪ್ರಶ್ನೆಗೆ ಅವಳ ಬದುಕಿನಲ್ಲಿ ಮೊದಲ ಸಲ ಯಾರೋ ನಿಜ ಹೇಳಿದ್ದರು. ಇಲ್ಲ ಎಂದಿದ್ದರೆ ಬಹುಶಃ ಅವಳು ಇನ್ನೂ ಒಳಗೊಳಗೇ ಅಳೆದು ನೋಡುತ್ತಿದ್ದಳು. ಹೌದು ಎಂದವನನ್ನು ಪೂರ್ತಿ ನಂಬಿದಳು.

ಅವನು ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದ. ತಿಕೋಟಾ ಕೇಂದ್ರದಿಂದ ಬಂದ ತನ್ನ ವರದಿ, ಬೇಕಿದ್ದರೆ ನೋಡಿ ಎಂದು ಮುಂದೆ ಹಿಡಿದ. ಅವಳು ಅವನ ಬೆರಳುಗಳನ್ನು ಹಾಳೆಯ ಮೇಲೇ ಮೆಲ್ಲಗೆ ಮಡಚಿದಳು. ಬೇಡ ಎಂದು ತಲೆಯಾಡಿಸಿದಳು.

"ಈಗ ನನ್ನ ಸರದಿ" ಎಂದ ಅವನು. ಅವತ್ತಿನ ನಗು ಮುಖಕ್ಕೆ ಮರಳಿತ್ತು. "ಆವತ್ತ ಮೇಜಿಗೆ ತಲಿ ಬಡಿಸಿಕೊಂಡಾಗ, ನೋವಾತೇನ್ರಿ ಅಂತ ಕೇಳಿದ್ದೆ."

"ಆಗಿತ್ರಿ" ಎಂದಳು ನೇತ್ರಾ. "ಭಾಳ ನೋವಾಗಿತ್ತು."

"ಮತ್ತ ಯಾಕ ಇಲ್ಲ ಅಂದ್ರಿ?"

"ನೀವು ನೋಡಾಕತ್ತಿದ್ರಿ... ಅದಕ್ಕ."

ಒಳಗಿನಿಂದ ಈರಯ್ಯನವರ ಕೆಮ್ಮು ಕೇಳಿಸಿತು. ರೇಣುಕವ್ವ ಚಹಾದ ಕಪ್ಪುಗಳನ್ನು ಬೇಕೆಂದೇ ಸದ್ದು ಮಾಡುತ್ತ ಜೋಡಿಸುತ್ತಿದ್ದಳು. ಅವನು ಸ್ವಲ್ಪ ಹತ್ತಿರ ಬಂದ.

"ಇನ್ನೊಂದು ಕೇಳೂದೈತಿ. ಗಡಿಬಿಡಿ ಇಲ್ಲ, ವಿಚಾರ ಮಾಡಿ ಹೇಳ್ರಿ."

"ಹೂಂ ರಿ."

"ನಾ ಇನ್ನಾ ಕೇಳೇ ಇಲ್ಲ."

"ಹಂಗಾರ ಕೇಳ್ರಿ" ಎಂದಳು ನೇತ್ರಾ, ಕಣ್ಣೊರೆಸಿಕೊಂಡು. "ಎಷ್ಟು ಸಲ ಕೇಳಿದ್ರೂ ಅದ ಹೇಳ್ತೀನಿ."